ಟೈರಿನ ದುಡ್ಡು

ನಾರಿನ್‌ನಿಂದ ಬಿಷ್ಕೆಕ್‌ಗೆ ವಾರಕ್ಕೆ ಮೂರು ಸಲ
ಹದಿನಾರು ಸೀಟಿನ ವ್ಯಾನು ಓಡಿಸುವವನು ನಾನು.
ದೊಲೋನ್ ಘಟ್ಟವನ್ನು ಹನ್ನೊಂದು ವರ್ಷ ನೋಡಿದ್ದೇನೆ
ವೈಪರು ಒರೆಸಿಕೊಟ್ಟಷ್ಟೇ ಅಗಲಕ್ಕೆ.

ಸಾಲ ತೀರಿಸಲಾಗದ ಭಾವಮೈದುನ
ಕ್ಯಾಮೆರಾ ಕೊಟ್ಟು ಕೈತೊಳೆದುಕೊಂಡ. ಲೆನ್ಸಿಲ್ಲ.
ಹಬ್ಬದೂಟದಲ್ಲಿ ಹಿರಿಯರು ಕಣ್ಣು ತಿಂದು
ಮುಂದಕ್ಕೆ ದಾಟಿಸಿದ ಕುರಿತಲೆಯ ಹಾಗೆ
ಡ್ಯಾಶ್‌ಬೋರ್ಡಿನ ಮೇಲೆ ಕೂತಿತ್ತು ಒಂದು ತಿಂಗಳು.

ಅಂಗಡಿಯ ಹುಡುಗ ತೋರಿಸಿದ್ದು ಹದಿನಾಲ್ಕು ಮಿಲಿಮೀಟರು,
ಮುಂಗಾಜು ಕಪ್ಪೆಗಣ್ಣಿನಂತೆ ಉಬ್ಬಿತ್ತು.
'ಬೆಟ್ಟ ಬಯಲಿಗೆಲ್ಲ ಇದೇ ಅಣ್ಣ, ಅಷ್ಟೂ ಹಿಡಿಯುತ್ತೆ.'
ಬೆಲೆ ಕೇಳಿ ಟೋಪಿ ತೆಗೆದೆ, ಮತ್ತೆ ಹಾಕಿಕೊಂಡೆ.
ನಲವತ್ತೆರಡು ಸಾವಿರ ಸೋಮ್.
ಜೇಬಿನಲ್ಲಿದ್ದದ್ದು ಆರು ಸಾವಿರ,
ಅದೂ ನನ್ನದಲ್ಲ, ಚಳಿಗಾಲದ ಎರಡು ಟೈರಿನದು.

ಪುಣ್ಯಾತ್ಮ, ಹೊರಗೆ ನಿಂತು ಒಂದು ತೆಗೆದು ನೋಡು ಅಂದ.
ತೆಗೆದೆ. ಊರ ಹಿಂದಿನ ಹಿಮದ ಸಾಲು
ಟ್ರಾಲಿಬಸ್ಸಿನ ತಂತಿಯ ಕೆಳಗೆ
ಬಿಳಿ ಇಲಿಮರಿಗಳ ಸಾಲಾಗಿತ್ತು.
ಬೆಟ್ಟ ಅಗೆದರೆ ಇಲಿ ಸಿಗುವುದು ಗೊತ್ತಿತ್ತು.
ಅಗೆಯದೆಯೂ ಸಿಗುತ್ತದೆ,
ನಲವತ್ತೆರಡು ಸಾವಿರ ಎಣಿಸಿದರೆ.

ಭಾನುವಾರದ ಸಂತೆಯಲ್ಲಿ ಜಿನೈದಾ ಮತ್ವೆಯೆವ್ನಾ
ಪರದೆಬಟ್ಟೆ ಹಾಸಿಕೊಂಡು ಕೂತಿರುತ್ತಾಳೆ:
ಚಮಚಗಳು, ಒಂದು ಸಮೋವಾರ್, ಗಂಡನ ಮೂರು ಲೆನ್ಸು.
ಮೂವತ್ತೇಳು, ಐವತ್ತೆಂಟು, ನೂರಮೂವತ್ತೈದು.
ನಾನು ಚಿಕ್ಕ ಸಂಖ್ಯೆಗೇ ಕೈ ಹಾಕಿದೆ.
'ಯಾವುದರ ಚಿತ್ರ?'
ದೊಲೋನ್ ಅಂದೆ. ಆಕಾಶ, ರಸ್ತೆ, ಹಿಮ, ಎಲ್ಲ.
'ಎಲ್ಲ ಅನ್ನುವುದು ಒಂದು ಜಾಗವಲ್ಲ' ಅಂದಳು,
ಉದ್ದನೆಯದನ್ನು ಅಂಗೈಗಿಟ್ಟಳು. ಭಾರ. ತಣ್ಣಗೆ.

ಅವಳ ಗಂಡ ಹಿಮಕುಸಿತದ ಠಾಣೆಯಲ್ಲಿ ಲೆಕ್ಕದವನಂತೆ.
ದಿನಾ ಒಂದೇ ಇಳಿಜಾರು, ಒಂದೇ ಕಲ್ಲಿನ ಮೇಲೆ ನಿಂತು,
ಇಪ್ಪತ್ತಾರು ಚಳಿಗಾಲ.
ಉಂಗುರದಲ್ಲಿ ಎಂಟರ ಎದುರು ಉಗುರಿಂದಲೋ ಮೊಳೆಯಿಂದಲೋ ಗೀಚಿದ ಗೀಟು.
'ಅದನ್ನು ಬಿಟ್ಟು ಆಚೀಚೆ ತಿರುಗಿಸಬೇಡ.
ಬೆಟ್ಟ ಎಲ್ಲಿಗೂ ಓಡುವುದಿಲ್ಲ,
ಕತ್ತಲೆಯಾದರೆ ಮುಕ್ಕಾಲಿ ನಿಲ್ಲಿಸು, ಕಾಯಿ.
ಕಾಯಲಾರದವರು ದುಬಾರಿ ಗಾಜು ಕೊಳ್ಳುತ್ತಾರೆ.'

ಮುಂಗಾಜಿನ ಅಂಚಿಗೆ ಕೂದಲೆಳೆಯ ಗೀರಿತ್ತು.
ಅದನ್ನೇ ಹಿಡಿದು ಚೌಕಾಸಿ ಮಾಡಿದೆ.
'ಸೂರ್ಯನಿಗೆ ಎದುರಾಗಿ ನಿಂತರೆ ಮಾತ್ರ ಕಾಣುತ್ತೆ' ಅಂದಳು,
ಐನೂರು ಬಿಟ್ಟಳು.
ಮೂರು ಸಾವಿರ. ಕೂಡಿಸುವ ಬಳೆಗೆ ಇನ್ನೂರು ಬೇರೆ.
ಉಳಿದದ್ದಕ್ಕೆ ಒಂದೇ ಟೈರು, ಅದೂ ಬಳಸಿದ್ದು.

ಘಟ್ಟದ ನೆತ್ತಿಯಲ್ಲಿ ವ್ಯಾನು ನಿಂತಿತು.
'ಒಂದಕ್ಕೆ ನಿಲ್ಲಿಸು ಅಂದರೆ ನಿಲ್ಲಿಸದವನು
ಬೆಟ್ಟಕ್ಕೆ ನಿಲ್ಲಿಸಿದ!' ಹಿಂದಿನ ಸೀಟಿನ ಅಜ್ಜಿ.
ಕಣ್ಣಿಟ್ಟೆ.
ದೂರದ ಬೆಟ್ಟ ನುಣ್ಣಗೆ ಅಂದವರ ಕೈಯಲ್ಲಿ
ನೂರಮೂವತ್ತೈದು ಇರಲಿಲ್ಲ.
ಎಂಥ ತರಿ, ಎಂಥ ಸುಕ್ಕು, ಬಂಡೆಯ ಸಂದಿಗೆ ಸಿಕ್ಕಿಕೊಂಡ
ಹೋದ ವರ್ಷದ ಬೇಲಿಗೂಟ ಕೂಡ.
ಒಂದೇ ಸಲಕ್ಕೆ ಹಿಡಿಸದು. ಎಡದಿಂದ ಬಲಕ್ಕೆ
ಒಂಬತ್ತು ತುಂಡು ತೆಗೆದೆ,
ಮಗಳು ನುರ್ಜಾದಾ ರಾತ್ರಿ ಕಂಪ್ಯೂಟರಿನಲ್ಲಿ
ಕೌದಿಯ ಹಾಗೆ ಹೊಲಿದಳು.

ಆಗ ಕಂಡ: ಕೆಳಗಿನ ದಾರಿಯಲ್ಲಿ ಕುದುರೆ ಸವಾರ,
ನಾನು ತಿರುಗಿದ ಕಡೆಗೇ ಹೊರಟವನು,
ನಾಲ್ಕು ತುಂಡಿನಲ್ಲಿ ನಾಲ್ಕು ಸಲ.
'ಮೂರನ್ನು ಅಳಿಸಲಾ?'
ಬೇಡ ಅಂದೆ. ಯಾವ ಮೂರು ಅಂತ ಹೇಳುವುದು.

ಮುಂದಿನ ಭಾನುವಾರ ಜಿನೈದಾಗೆ ತೋರಿಸಿದೆ.
ಸವಾರರನ್ನು ಅವಳು ನೋಡಲೇ ಇಲ್ಲ.
ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ,
ಆರನೆಯ ತುಂಡಿನಲ್ಲಿ, ಹಿಮದ ಮೇಲುತುಟಿಯಲ್ಲಿ
ನಾನು ನೆರಳೆಂದುಕೊಂಡಿದ್ದ ಗೆರೆಯ ಮೇಲೆ
ಬೆರಳಿಟ್ಟಳು.
'ಇದು ಬಿರುಕು. ಬಿಸಿಲು ಬಿದ್ದರೆ ಜಾರುತ್ತೆ.
ಬೆಳಗಿನ ಜಾವವೇ ದಾಟಿಬಿಡು.'

ಆಮೇಲೆ ಸಂತೆಯಾಚೆ ನಿಂತ ನನ್ನ ವ್ಯಾನಿನತ್ತ
ಕತ್ತು ಚಾಚಿ, ಕಣ್ಣು ಕಿರಿದು ಮಾಡಿ:
'ಎಡಗಡೆ ಹಿಂದಿನದು ಇನ್ನೂ ಹಳೆಯದೇ, ಅಲ್ಲವಾ?'