ಮೂವತ್ತಾರು ಪುಟ

ಭಾನುವಾರದ ಬೆಟ್ಟಕ್ಕೆ ನಾವು ಐದು ಜನ.
ಕುಂತಿ ಬೆಟ್ಟದ ಬಂಡೆ ಬೆಚ್ಚಗಾಗುವ ಮೊದಲೇ
ಮೇಲೆ ಕೂತು ಒಗ್ಗರಣೆ ಪುರಿಯ ಪೊಟ್ಟಣ ಬಿಚ್ಚುತ್ತೇವೆ.
ಅಲ್ಲೇ ಒಂದು ದಿನ ಭೂಗೋಳದ ಫೌಜಿಯಾ ಮೇಡಂ
ಸೀಮೆಸುಣ್ಣ ತೆಗೆದು ಬಂಡೆಗೆ ಗೀಚಿದರು:
ಇದು ನೇಪಾಳ, ಇದು ಹೊಳೆ, ಇದು ಸೇತುವೆ,
ಇದರಾಚೆ ಟಿಬೆಟ್ಟು.
ಬೇಸಿಗೆ ರಜೆಗೆ ಹದಿನಾರು ದಿನದ ನಡಿಗೆ.

"ಸೇತುವೆ ತನಕ ವೋಟರ್ ಕಾರ್ಡು ಸಾಕು ಜವರಪ್ಪ,
ದಾಟೋಕೆ ಪಾಸ್‌ಪೋರ್ಟ್ ಬೇಕು."
ನಕ್ಕೆ. ವಿಮಾನ ಹತ್ತದವನಿಗೆ ಪಾಸ್‌ಪೋರ್ಟೆ?
ನಡಕೊಂಡು ಹೋಗೋ ಕಾಲಿಗೂ ಚೀಟಿಯೆ?

ಹೋದ ವರ್ಷದವರೆಗೆ ನಾನು ಲೈನ್‌ಮನ್.
ಪಾಂಡವಪುರದ ಲೈನು ಎಲ್ಲಿ ಮುಗಿದು
ಕೆ.ಆರ್. ಪೇಟೆಯದು ಎಲ್ಲಿ ಶುರುವೆಂದು
ಕಂಬದ ಬಿಳಿ ನಂಬರು ನೋಡಿ ಹೇಳಬಲ್ಲೆ.
ಆ ಕಂಬದಾಚೆ ತಂತಿ ಹರಿದರೆ ನನ್ನ ಕೆಲಸವಲ್ಲ.
ಹಾಗಂತ ಬಿಟ್ಟಿದ್ದೂ ಇಲ್ಲ.
ಕತ್ತಲಲ್ಲಿ ಬಾಣಂತಿ ಮನೆ ಅಂದರೆ
ಯಾವ ಕಂಬ ಯಾರದೆಂದು ಯಾರು ಎಣಿಸುತ್ತಾರೆ?

ಮೇಟಗಳ್ಳಿಯ ಅಂಚೆ ಕಚೇರಿಗೆ ಹೊರಟೆ.
ಕಳಸ್ತವಾಡಿ ಕಳೆದು ಜಿಲ್ಲೆ ಬದಲಾಗುವಾಗ
ಬಸ್ಸಿನ ಕಂಡಕ್ಟರು ಆಕಳಿಸುತ್ತಿದ್ದ.

ಸಿ ಅಂದರೆ? ಕೆ ಅಂದರೆ? ಕೌಂಟರಿನ ಹುಡುಗಿ.
ಇನಿಶಿಯಲ್ ನಡೆಯಲ್ಲ, ಬಿಡಿಸಿ ಹೇಳಿ.
ಚಿನಕುರಳಿ. ಕರಿಗೌಡ.
ಒಂದೊಂದು ಅಕ್ಷರ, ಒಂದೊಂದು ಚುಕ್ಕೆ ಕೊಟ್ಟು
ಇಷ್ಟು ವರ್ಷ ಬಾಗಿಲಾಚೆ ನಿಲ್ಲಿಸಿದ್ದ ಊರು, ಅಪ್ಪ,
ಇಬ್ಬರೂ ಒಳಗೆ ಬಂದು
ಸಾಲಿನಲ್ಲಿ ನನಗಿಂತ ಮುಂದೆ ನಿಂತರು.
ಹುಟ್ಟಿದ್ದು? ಜೂನ್ ಒಂದು.
ನಮ್ಮ ತರಗತಿಯ ಅಷ್ಟೂ ಮಕ್ಕಳು ಹುಟ್ಟಿದ್ದು ಜೂನ್ ಒಂದಕ್ಕೇ,
ಹೆರಿಗೆ ಮಾಡಿಸಿದ್ದು ಹೆಡ್‌ಮೇಷ್ಟ್ರು.

ಆಮೇಲೆ ಬೆರಳು.
ಗಾಜಿನ ಮೇಲಿಟ್ಟೆ. ಕೆಂಪು ದೀಪ.
ಅಂಗಿಗೆ ಒರೆಸಿ ಇಟ್ಟೆ. ಕೆಂಪು.
ಹಗ್ಗ, ಇಕ್ಕಳ, ಬಿಸಿಲಿಗೆ ಕಾದ ಕಬ್ಬಿಣದ ಏಣಿ,
ನನ್ನ ಗೆರೆಗಳನ್ನು ಯಾವ ಕಂಬಕ್ಕೆ ಬಿಟ್ಟು ಬಂದೆನೋ.
"ಒದ್ದೆ ಮಾಡಿ ಒತ್ತಿ ಅಂಕಲ್."
ಏಳನೇ ಸಲಕ್ಕೆ ಹಸಿರು.
ಯಂತ್ರಕ್ಕೆ ಕನಿಕರ ಹುಟ್ಟಿತೋ
ಅವಳೇ ಏನಾದರೂ ಒತ್ತಿದಳೋ, ಕೇಳಲಿಲ್ಲ.

ವಿಚಾರಣೆಗೆ ಬಂದವನು ಪೇದೆ ಸಿಂಗ್ರೇಗೌಡ.
ಬಿಲ್ಲು ಕಟ್ಟಲಿಲ್ಲವೆಂದು ಎಂಟು ವರ್ಷದ ಹಿಂದೆ
ನಾನೇ ಫ್ಯೂಸ್ ಕಿತ್ತ ಮನೆ ಅವನದು.
ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದ.
"ಓಡಿಹೋಗೋ ಐಡಿಯಾ ಏನಾದ್ರೂ ಐತಾ ಅಣ್ಣ?"
"ನಡೆಯೋ ಐಡಿಯಾ ಅಷ್ಟೇಯ."
ನಗಲಿಲ್ಲ. ಬರೆದುಕೊಂಡ. ಲೋಟ ಕೆಳಗಿಟ್ಟು
ನಮ್ಮ ಮೀಟರ್ ಬೋರ್ಡನ್ನು ಒಂದು ಗಳಿಗೆ ನೋಡಿ ಹೋದ.
ಹದಿನೆಂಟು ದಿನ ನನಗೆ ಸರಿಯಾಗಿ ನಿದ್ದೆಯಿಲ್ಲ.

ಬಂತು, ನೀಲಿ ಪುಸ್ತಕ.
ಪುಟ್ಟಲಿಂಗಿ ಕೈಯನ್ನು ಸೆರಗಿಗೆ ಒರೆಸಿಕೊಂಡು
ಮೂವತ್ತಾರು ಪುಟವನ್ನೂ ತಿರುವಿದಳು.
"ಏನೂ ಬರ್ದೇ ಇಲ್ವಲ್ಲ?"

ಏಪ್ರಿಲ್ಲಿನಲ್ಲಿ, ಮೇಲೆಲ್ಲೋ ಹಿಮದ ಕೆರೆ ಒಡೆದು
ಆ ಸೇತುವೆ ಕೊಚ್ಚಿಹೋಯಿತಂತೆ.
ಅದರ ನಡುವೆ ಎಳೆದಿದ್ದ ಗೆರೆಯೂ ನೀರುಪಾಲು.
ಫೋನಿನಲ್ಲಿ ಮೇಡಂ ದನಿ ಸಣ್ಣಗಿತ್ತು:
ಈ ವರ್ಷ ಇಲ್ಲ. ಯಾವಾಗ ಅಂತಲೂ ಗೊತ್ತಿಲ್ಲ.
ನನಗೆ ತಟ್ಟನೆ ನೆನಪಾದವನು, ಕಂಡೇ ಇರದ
ಆ ಊರಿನ ಲೈನ್‌ಮನ್.
ಯಾವ ದಡದಲ್ಲಿ ನಿಂತಿದ್ದಾನೋ ಪುಣ್ಯಾತ್ಮ,
ಕಂಬ ಆಚೆ, ಏಣಿ ಈಚೆ.

ಆ ಭಾನುವಾರ ಅಂಗಿಯ ಜೇಬಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡೇ
ಕುಂತಿ ಬೆಟ್ಟ ಹತ್ತಿದೆ. ಯಾಕೆಂದು ಕೇಳಬೇಡಿ.
ಬಂಡೆಯ ಮೇಲೆ ನೇಪಾಳ ಅರ್ಧ ಅಳಿಸಿತ್ತು.
ತೋರು ತೋರು ಅಂದ ಟೈಲರ್ ರಾಯಪ್ಪ.
ಪುರಿ ತಿನ್ನುತ್ತ ತಿನ್ನುತ್ತ ಎಲ್ಲರೂ ನೋಡಿದರು.
ನನ್ನ ಕೈಗೆ ವಾಪಸು ಬಂದಾಗ ಖಾಲಿ ಪುಟವೊಂದರಲ್ಲಿ
ಅರಿಶಿನದ ಎಣ್ಣೆಯ ಒಂದು ಹೆಬ್ಬೆಟ್ಟು,
ಗೆರೆ ಗೆರೆಯೂ ಸ್ಪಷ್ಟ.
ಯಾರದೋ. ನನ್ನದಂತೂ ಅಲ್ಲ.