ಮಾದಮ್ಮನ ಮಿಲ್ಲಿನ ಸೂಜಿಗಲ್ಲು

ಮಳವಳ್ಳಿ ಪೇಟೆ ಬೀದಿಯ ತುದಿಗೆ
ಪುಟ್ಟಮಾದಮ್ಮನ ಹಿಟ್ಟಿನ ಮಿಲ್ಲು.
ಅವಳ ರೆಪ್ಪೆಯೂ ಬಿಳಿ, ಹುಬ್ಬೂ ಬಿಳಿ,
ನಕ್ಕರೆ ಬಾಯಿ ಮಾತ್ರ ಕೆಂಪು.

ರಾಗಿ ಡಬ್ಬ ಹೊತ್ತು ಓಡಿದೆ ನಾನು:
"ಅಜ್ಜಿ ಮೂಗುಬೊಟ್ಟು ಇದ್ರೊಳಗೆ ಬಿದ್ದೋಗದೆ!
ನಿನ್ ಸೂಜಿಗಲ್ಲು ಹಿಡ್ಕೊಡ್ತದಂತೆ,
ತನ್ವೀರ ಹೇಳ್ದ."

ರಾಗಿ ಇಳಿಯುವ ದೋಣಿಯೊಳಗಿಂದ
ಕರಿಯ ಪಟ್ಟಿಯೊಂದನ್ನು ಎಳೆದಳು ಮಾದಮ್ಮ.
ಮೈತುಂಬ ಮುಳ್ಳು, ಥೇಟ್ ಮುಳ್ಳಹಂದಿ ಮರಿ!
ಲಾಳದ ಮೊಳೆ, ವಾಷರು, ಯಾರದೋ ಹೇರ್‌ಪಿನ್ನು,
ಒಕ್ಕುವ ಮೆಷೀನಿನ ಚೂರು.
"ನೋಡವ್ವ, ಇಷ್ಟೂ ಮುದ್ದೆಯೊಳಗೆ ಹೋಗ್ಬೇಕಿತ್ತು."

ಮೂಗುಬೊಟ್ಟು?
"ಅದು ಚಿನ್ನ ಕಣವ್ವ.
ಇದಕ್ಕೂ ಅದಕ್ಕೂ ಮಾತಿಲ್ಲ, ಕತೆಯಿಲ್ಲ."

ನಂಬಲಿಲ್ಲ ನಾನು.
ಹಿತ್ತಾಳೆ ಸೇರು ಮುಟ್ಟಿಸಿದೆ, ಸುಮ್ಮನಿತ್ತು.
ಅಲ್ಯೂಮಿನಿಯಂ ಮುಚ್ಚಳ, ಅದೂ ಸುಮ್ಮನೆ.
ಹರಿದ ಚಪ್ಪಲಿಗೆ ಹಾಕಿದ್ದ ಪಿನ್ನು ಬಿಚ್ಚಿ
ಹತ್ತಿರ ತಂದೆ ಅಷ್ಟೇ,
ಟಕ್!
ಒಂಟಿ ಚಪ್ಪಲಿಯಲ್ಲಿ ನಿಂತುಬಿಟ್ಟೆ.

"ಗೋಂದು ಹಚ್ಚಿದ್ಯಾ?"
"ಎಲ್ಲೀ ಗೋಂದು! ಕೂತ್ಕೊ, ಕರೆಂಟಂತೂ ಇಲ್ಲ.
ಕಬ್ಬಿಣದೊಳಗೆ ಕಣ್ಣಿಗೆ ಕಾಣದ
ಪುಟಾಣಿ ಸೂಜಿಗಲ್ಲುಗಳವೆ, ಸಾವಿರ ಸಾವಿರ.
ದನದ ಸಂತೆ ನೋಡಿದ್ದೀಯಲ್ಲ?
ಒಂದು ಅತ್ತ, ಒಂದು ಇತ್ತ,
ಇನ್ನೊಂದು ನಿನಗೆ ಬಾಲ ತೋರಿಸ್ಕೊಂಡು.
ಇವನ ಎಳೆತ ಅವನು ಕೆಡಿಸಿ ಎಲ್ಲಾ ಸೊನ್ನೆ.
ಎಲ್ಲವೂ ಒಂದೇ ಕಡೆ ಮುಖ ಮಾಡಿದ್ರೆ?
ಆಗ ಬರ್ತದೆ ಬಲ, ಅದೇ ಸೂಜಿಗಲ್ಲು.
ಇದು ಹತ್ರ ಬಂದ್ರೆ ಪಿನ್ನೊಳಗಿನವೂ ತಿರುಗಿ ಸಾಲಾಗ್ತವೆ.
ಚಿನ್ನದೊಳಗೆ ಅಂಥ ದನವೇ ಇಲ್ಲ,
ಕೂಗಿದ್ರೆ ಯಾರು ಬರ್ಬೇಕು?"

ಸೂಜಿಯೊಂದನ್ನು ಕೈಗೆ ಕೊಟ್ಟಳು.
"ಪಟ್ಟಿ ಮೇಲೆ ಒಂದೇ ದಿಕ್ಕಿಗೆ ಉಜ್ಜು,
ಹಿಂದಕ್ಕೆ ಮುಂದಕ್ಕೆ ಬೇಡ."
ಮೂವತ್ತು ಎಣಿಸಿದ ತನ್ವೀರ
(ಹದಿನೇಳು ಎರಡು ಸಲ ಬಂತು).
ಬಟ್ಟಲಲ್ಲಿ ನೀರು, ನೀರ ಮೇಲೆ ಹೊಂಗೆ ಎಲೆ,
ಎಲೆ ಮೇಲೆ ಸೂಜಿ.
ಮೆಲ್ಲಗೆ ತಿರುಗಿತು, ತೂಗಿತು, ನಿಂತಿತು
ಮದ್ದೂರಿನ ಕಡೆ ಮೂತಿ ಮಾಡಿ.

"ವಡೆ ಆಸೆ ಇದಕ್ಕೆ!" ಅಂದ ತನ್ವೀರ.
ಮೈಸೂರಿಗೆ ತಿರುಗಿಸಿದೆ, ಮತ್ತೆ ಮದ್ದೂರು.
ಕೊಳ್ಳೇಗಾಲಕ್ಕೆ ತಿರುಗಿಸಿದೆ,
ಮತ್ತೂ ಮದ್ದೂರೇ.
"ವಡೆಗಲ್ಲ ಕಣ್ರೋ, ಅದು ಉತ್ತರ ದಿಕ್ಕು.
ಭೂಮಿಯೇ ಒಂದು ಭಾರೀ ಸೂಜಿಗಲ್ಲು,
ಅದು ಕರೆದತ್ತ ಇದು ನೋಡ್ತದೆ."

ಭರ್ರ್ರ್! ಕರೆಂಟು ಬಂತು.
"ಕೇಳಿದ್ರಾ? ಮೋಟರೊಳಗೂ ಇದೇ ಆಟ.
ತಂತಿ ಸುತ್ತಿ ಕರೆಂಟು ಹರಿಸಿದ್ರೆ
ಅದೂ ಸೂಜಿಗಲ್ಲಾಗ್ತದೆ,
ಎಳೆದು, ತಳ್ಳಿ, ಎಳೆದು, ತಳ್ಳಿ
ಬೀಸುಗಲ್ಲು ತಿರುಗಿಸ್ತದೆ.
ಶಿವನಸಮುದ್ರದಲ್ಲಿ ಉಲ್ಟಾ:
ಕಾವೇರಿ ಧುಮುಕಿ ಸೂಜಿಗಲ್ಲು ತಿರುಗಿಸ್ತಾಳೆ,
ಸುತ್ತಲ ತಂತಿಯಲ್ಲಿ ಕರೆಂಟು ಹುಟ್ತದೆ."
ಹೇಳುತ್ತ ಹೇಳುತ್ತ ನನ್ನ ಡಬ್ಬ ಎತ್ತಿಯೇಬಿಟ್ಟಳು.

"ನಿಲ್ಸು! ಮೂಗುಬೊಟ್ಟು!"

ಕೊನೆಗೆ ಕೈಗೆ ಬಂದದ್ದು ಹಳೇ ಜರಡಿ.
ರಾಗಿ ಸುರ್ರನೆ ಇಳಿಯಿತು. ಮೇಲುಳಿದವು
ಎರಡು ಕಲ್ಲು, ಒಂದು ಹುಳು,
ಮತ್ತೆ ಅಜ್ಜಿಯ ಮೂಗಿನ ಮಿಂಚು.

ಆ ರಾತ್ರಿ ಮನೆಯೆಲ್ಲ ಹುಡುಕಾಡಿದೆ.
ಜಾಮಿಟ್ರಿ ಬಾಕ್ಸಿನ ಮುಚ್ಚಳದಲ್ಲಿ ಒಂದು,
ಫ್ರಿಜ್ಜಿನ ಬಾಗಿಲ ರಬ್ಬರಿನೊಳಗೆ ಅಡಗಿ ಕೂತದ್ದೊಂದು,
ಅಜ್ಜಿಯ ರೇಡಿಯೋ ಗಂಟಲಲ್ಲಿ ಇನ್ನೊಂದು.
ಅಜ್ಜಿ ಮೂಗು ಸವರಿಕೊಂಡು ಕೇಳಿದಳು:
"ಅದು ಚಿನ್ನ ಹಿಡಿಯಲ್ವಂತಾ?"
"ಇಲ್ಲಜ್ಜಿ."
"ಒಳ್ಳೇದಾಯ್ತು ಬುಡು,
ಹಿಡಿದಿದ್ರೆ ಮಾದಮ್ಮನ ಮಿಲ್ಲಿಗೆ
ದಿನಾ ಕಳ್ಳರು ಬರೋರು."

ದೀಪ ಆರಿಸಿದರು.
ಕಿಟಕಿ ಮೇಲಿನ ಬಟ್ಟಲಲ್ಲಿ
ಸೂಜಿ ಇನ್ನೂ ಮಲಗಿಲ್ಲ,
ಕತ್ತಲಲ್ಲೂ ಮದ್ದೂರಿನ ಕಡೆಗೇ ನೋಡುತ್ತಿದೆ.