ಮೂರು ಮಾರು

ಸಿಯುತಾದೆಲ್ಯದ ಬಂದರು ಒಂದು ಕಿರುಸಂದಿ,
ದ್ವೀಪದ ಪಕ್ಕೆಗೆ ಸಮುದ್ರ ತುರುಕಿದ ಬೆರಳು.
ಬಾಯಿಂದ ತುದಿಗೆ ಸಾವಿರದ ಐವತ್ತು ಮೀಟರು.
ನಾವೇ ಅಳೆದದ್ದು, ದಂಡೆಯುದ್ದಕ್ಕೂ ಹಗ್ಗ ಹಿಡಿದು,
ಒಣಹಾಕಿದ ಬಲೆಗಳನ್ನು ದಾಟಿ ದಾಟಿ.

ಅಲ್ಲಿ ನೀರು ಸುಮ್ಮನಿರುವುದಿಲ್ಲ. ಗಾಳಿ ಸತ್ತ ದಿನವೂ
ಬಟ್ಟಲಲ್ಲಿ ಹೊತ್ತ ಸಾರಿನ ಹಾಗೆ ತುಳುಕುತ್ತದೆ,
ಮೆಟ್ಟಿಲ ಪಾಚಿಯ ಮೇಲೆ ಗೇಣು ಏರಿ, ಗೇಣು ಇಳಿದು.
ರಿಸ್ಸಾಗದ ಮರಿ ಅನ್ನುತ್ತಾರೆ ಬೆಸ್ತರು.
ತಾಯಿ ಬಂದ ವರ್ಷ ದೋಣಿಗಳು ಕೆಸರಲ್ಲಿ ಕೂತು
ಐದೇ ನಿಮಿಷಕ್ಕೆ ಎದ್ದು
ಹೋಟೆಲಿನ ಕುರ್ಚಿಗಳ ನಡುವೆ ಬಂದಿದ್ದವು.

ಜಗಳ ಹತ್ತಿದ್ದು ನೊಫ್ರೆಯಿಂದ.
"ಬಂದರು ಆಳವಾಗುತ್ತಿದೆ" ಅಂದ, ಸೀಸದ ಗುಂಡಿನ ಹಗ್ಗ ಸುತ್ತುತ್ತ.
"ನನ್ನ ಮದುವೆಯ ವರ್ಷ ಎರಡೂವರೆ ಮಾರು. ಈಗ ಮೂರು."
ಯಾರೂ ಅಗೆದಿಲ್ಲವಲ್ಲ, ಅಂದ ಕಚೇರಿಯ ಗುಮಾಸ್ತ, ನಕ್ಕ.
ನಮ್ಮ ಲೆಕ್ಕದ ಟೀಚರ್ ಪ್ರಕ್ಸೇದಿಸ್ ನಗಲಿಲ್ಲ.

ತಳ ಮುಟ್ಟದೆಯೂ ಆಳ ಹೇಳಬಹುದು, ಎಂದರು.
ಉದ್ದನೆಯ ಅಲೆ ನೆಲವನ್ನು ಕಾಲಲ್ಲಿ ತಡವುತ್ತಲೇ ನಡೆಯುತ್ತದೆ,
ದೀಪ ಹೋದ ಮನೆಯಲ್ಲಿ ನೀವು ನಡೆದ ಹಾಗೆ.
ಆಳವಿದ್ದರೆ ಬಿರುಸು ಹೆಜ್ಜೆ, ಇಲ್ಲವಾದರೆ ತಡವರಿಕೆ.
ನಡಿಗೆ ನೋಡಿ ನೆಲ ಹೇಳುವುದು, ಅಷ್ಟೆ.

ಸ್ಟಾಪ್‌ವಾಚು ನನ್ನ ಕೈಗೆ. ನನಗಾಗ ಹನ್ನೊಂದು.
ದೋಣಿ ಕಟ್ಟುವ ಕಬ್ಬಿಣದ ಬಳೆ ಮುಳುಗಿದಾಗ ಒತ್ತು,
ಮತ್ತೆ ಮುಳುಗಿದಾಗ ಒತ್ತು.
ಹತ್ತೂವರೆ ನಿಮಿಷ. ಹತ್ತೂವರೆ.
ಒಮ್ಮೆ ಹನ್ನೊಂದಾಯಿತು, ಬೆಕ್ಕು ನೋಡುತ್ತಿದ್ದೆ, ಹೇಳಲಿಲ್ಲ.
ಮತ್ತೆ ಹತ್ತೂವರೆ.

ಅಷ್ಟರಲ್ಲಿ ಅಲೆ ಬಂದರಿನ ಉದ್ದವನ್ನು ನಾಲ್ಕು ಸಲ ತುಳಿದಿರುತ್ತದಂತೆ.
ಸೆಕೆಂಡಿಗೆ ಆರೂಮುಕ್ಕಾಲು ಮೀಟರಿಗೆ ಚೂರು ಕಡಿಮೆ.
ಅದನ್ನು ಅದರಿಂದಲೇ ಗುಣಿಸಿ,
ಭೂಮಿಯ ಎಳೆತದಿಂದ ಭಾಗಿಸಿ,
ಮೀನಿನ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಉಳಿದದ್ದು
ನಾಲ್ಕೂವರೆ ಮೀಟರು.
ಇದು ಸರಾಸರಿ, ಎಂದರು ಟೀಚರ್,
ಅಲೆಗೆ ಒಂದೊಂದು ಗುಂಡಿಯ ಹೆಸರು ಗೊತ್ತಿರುವುದಿಲ್ಲ.
ಗುಮಾಸ್ತ ಹಳೆಯ ನಕ್ಷೆ ಬಿಡಿಸಿದ, ನೊಫ್ರೆಯ ಮದುವೆಯ ವರ್ಷದ್ದು.
ಅದರಲ್ಲೂ ಅದೇ ಅಂಕಿ.

ಟೀಚರ್ ಸ್ವಲ್ಪ ಹೊತ್ತು ನೀರನ್ನೇ ನೋಡಿದರು.
ಆಮೇಲೆ ಕೈಚೀಲದಿಂದ ಹೊಲಿಗೆಯ ಟೇಪು ತೆಗೆದು,
"ನೊಫ್ರೆ, ಒಂದು ಮಾರು ತೋರಿಸಿ."
ಅವನು ತೋಳು ಚಾಚಿದ. ಬಲಗೈ ಪೂರ್ತಿ ಹೋಯಿತು.
ಎಡಗೈ, ಎಂದೋ ರಾಟೆಗೆ ಸಿಕ್ಕಿದ ಭುಜ, ಅರ್ಧಕ್ಕೇ ನಿಂತಿತು,
ಹಿಂದೆ ಮೂಟೆ ಇಟ್ಟ ಬಾಗಿಲಿನಂತೆ.
ಬೆನ್ನ ಮೇಲೆ ಹಾಯಿಸಿ ನಾನೇ ಓದಿದೆ: ಒಂದೂವರೆ ಮೀಟರು.

ಒಂದೂವರೆ ಮೂರಲೆ.
ಅಷ್ಟು ಮಗ್ಗಿ ನನಗೂ ಬರುತ್ತಿತ್ತು.
ಬಾಯಿ ತೆರೆದೆ. ಟೀಚರ್ ನನ್ನ ಕಾಲು ತುಳಿದರು.

"ಸರಿಯಾಗಿದೆ ನಿಮ್ಮ ಲೆಕ್ಕ," ಅಂದರು ಅವನಿಗೆ, "ಮೂರು ಮಾರು."
ನೊಫ್ರೆ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ,
ಇಳಿಸಬಹುದೆಂದು ಯಾರೂ ಹೇಳಿರಲಿಲ್ಲ.
ಕೆಳಗೆ ಬಳೆ ಮುಳುಗಿತು.
ನಾನು ಒತ್ತಲಿಲ್ಲ.